ನಾಕು ಮೊಳಿ

ಕೊಲಿ ಮಾಡಿದವ ಯಾರಂತ
ಇಡೀ ಕಲಬುರಗಿಯೊಳಗ ಮೊದಲ ಗೊತ್ತಾಗತಿದ್ದದ್ದು ನನಗ.
ಬ್ರಹ್ಮಪುರದ ಓಣ್ಯಾಗ, ತಗಡಿನ ಮಾಡಿನ ಕೆಳಗ
ಹನ್ನೊಂದು ಕಾದಂಬರಿಗಿ ಮೊಳಿ ಜೋಡಿಸೀನಿ,
ಹನ್ನೊಂದು ಹೆಣಕ್ಕ.
ಸೀಸದಾಗ ಕನ್ನಡ ಬಲದಿಂದ ಎಡಕ್ಕ ನಡೀತದ;
ಉರ್ದು ಕಲ್ತ ಕಣ್ಣಿಗಿ ಅದು ಬ್ಯಾರೆ ಅನಸಲಿಲ್ಲ.

ಬರದವರು ಚಿತ್ತಾಪುರದ ಗುಂಡೇರಾವ ಮಾಸ್ತರು.
ಗಣಿತ ಕಲಸೋರು. ಸೂಟಿ ಇದ್ದಾಗ ನಾಗಾವಿಗಿ ಹೋಗಿ
ಹಾಳು ಗುಡಿಯ ಕಂಬಕ್ಕ ಬೆನ್ನ ಹಚ್ಚಿ ಬರೀತಿದ್ರು.
ಒಂಬೈನೂರು ವರ್ಷದ ಹಿಂದ ಅಲ್ಲೇ ಇದ್ದನಂತ ಅವರ ಸನ್ಯಾಸಿ,
ಘಟಿಕಾಸ್ಥಾನದ ತಾಡೋಲೆ ಕಾಯೋ ಕಾಳಾಮುಖ,
ಮೌನಿರಾಶಿ.
ಹಣಿಗಿ ಬೂದಿ. ಮೊಣಕಾಲ ನೋವು. ಬೆಲ್ಲ ಕಂಡ್ರ ಜೀವ.
ಯಾರಿಗೂ ಗದರಿಸಲ್ಲ. ಸತ್ತವನ ಮಗ್ಗಲ ಕುಂಡ್ರತಾನ,
ಇರವಿ ಯಾ ಕಡಿಂದ ಸಾಲು ಹಿಡದಾವ ನೋಡ್ತಾನ,
ಹಣತಿಯೊಳಗ ಉಳಿದ ಎಣ್ಣಿ ಬೆರಳಿಲೆ ಅಳೀತಾನ:
‘ಕೊಲೆಯಾದ ಮೇಲೂ ಈ ಕೋಣೆಯಲ್ಲಿ
ಯಾರೋ ಓದುತ್ತ ಕುಳಿತಿದ್ದರು.’
ಆ ಸಾಲು ಜೋಡಿಸೋವಾಗ ನನ್ನ ಕೈಯಾಗಿನ ಸ್ಟಿಕ್ಕು ನಡುಗಿತ್ತು.

ಅವನ ಹೆಸರು ಪುಟಕ್ಕ ಹತ್ತು ಸಲ ಬರ್ತಿತ್ತು.
ಮೌ, ನಿ, ರಾ, ಶಿ.
ಬಿಚ್ಚಿ ಬಿಚ್ಚಿ ಕೇಸಿಗಿ ಯಾಕ ಹಾಕೋದಂತ
ದಾರ ಸುತ್ತಿ ಬೀಡಿ ಡಬ್ಬ್ಯಾಗ ಇಟ್ಟಿರತಿದ್ದೆ.

ಹನ್ನೊಂದನೇದರ ಕಡೀ ಹಾಳಿ ಬಂತು.
ಮಂಡಲೇಶ್ವರ ಕೇಳ್ತಾನ, ‘ಹೇಳಿ, ಯಾರವನು?’
ಸನ್ಯಾಸಿ ಬಾಯಿ ತೆರೀತಾನ. ಅಲ್ಲಿ ಜಾಗಾ ಬಿಟ್ಟು
ಮಾಸ್ತರು ಪೆನ್ಸಿಲಿನಾಗ ಗೀಚಿದ್ರು:
ಲಾಡ್ಲೇಸಾಬ, ಹೆಸರು ನಾಳಿ ಹೇಳ್ತೀನಿ.

ಆ ನಾಳಿಗೇ ಲಕ್ವಾ ಹೊಡೀತು.
ಬಲಗೈ ಹೋತು, ಮಾತು ಹೋತು.

ನಾ ಸುಮ್ಮ ಕೂಡಲಿಲ್ಲ. ಹಾಳಿ ಕಂದೀಲಿಗಿ ಹಿಡದು ನೋಡಿದೆ,
ಅಳಸಿದ ಗುರ್ತು ಇಲ್ಲ.
ಬಿಟ್ಟ ಜಾಗಾ ಅಳದೆ: ನಾಕು ಅಕ್ಷರಕ್ಕ ಸರೀ.
ಅನುಮಾನ ಐದು ಮಂದಿ ಮ್ಯಾಲ ಇತ್ತು. ಓಲೆ ಬರಿಯೋ ಕೇತಣ,
ಎಣ್ಣಿ ಕೊಡೋ ಚಾವುಂಡವ್ವೆ, ಸುಂಕದ ಬಾಚಿರಾಜ,
ಕುರುಡ ಭಟ್ಟ, ನೀರು ಹೊರೋ ಹುಡುಗ.
ಬಾಚಿರಾಜನೇ ಅಂತ ಪಕ್ಕಾ ಮಾಡ್ಕೊಂಡೆ.
ಆದ್ರೂ ಐದೂ ಹೆಸರು ಜೋಡಿಸಿ, ದಾರ ಕಟ್ಟಿ,
ವಾಡಿಯೊಳಗ ಗಾಡಿ ಬದಲಿಸಿ ಚಿತ್ತಾಪುರಕ್ಕ ಹೋದೆ.

ಅವರ ಎಡಗೈ ಮ್ಯಾಲ ಒಂದೊಂದಾಗಿ ಇಟ್ಟೆ.
ಹೆಬ್ಬಟ್ಟಿಲೆ ಸವರಿ ನೋಡಿ ಕೆಳಗ ಬಿಟ್ರು.
ಶಹಾಬಾದಿ ಫರಸಿ ಮ್ಯಾಲ ಸೀಸ ಬಿದ್ದ ಸಪ್ಪಳ, ಐದು ಸಲ.
ಬಾಚಿರಾಜನ ರಾ ಮುರೀತು.
ನನಗೂ ತಲಿ ಕೆಟ್ಟು ಬೀಡಿಗಂತ ಡಬ್ಬಿ ತಗದೆ.
ಮಾಸ್ತರು ಕೈ ಚಾಚಿದ್ರು. ಒಳಗಿದ್ದ ಕಟ್ಟು ತಾವೇ ಎತ್ತಿದ್ರು,
ಮುಷ್ಟಿಯೊಳಗ ಹಿಡದ್ರು,
ನನ್ನ ಚಾ ಆರಿ ಕೆನಿ ಕಟ್ಟೋತನ ಬಿಡಲಿಲ್ಲ.
ಬಿಟ್ಟಾಗ ತೊಗಲ ಮ್ಯಾಲ ಕೆಂಪಗ, ಸುಲ್ಟಾ, ಎಡದಿಂದ ಬಲಕ್ಕ
ಮೂಡಿತ್ತು ನಾಕು ಅಕ್ಷರ.
ನೋಡ್ತಾ ಇದ್ದಂಗೇ ಮಾಸಿತು. ಶಿ ಎಲ್ಲಾದಕ್ಕಿಂತ ಕಡೀಗಿ ಹೋತು.

ಇವನೇ ಅಂತ ಹಿಡದ್ರೋ,
ಇವನೊಬ್ಬನ್ನ ಬಿಡಲಾರೆ ಅಂತ ಹಿಡದ್ರೋ?
ಕೇಳಿದೆ. ಅರ್ಧ ಮಾರಿ ನಕ್ಕಂಗಾತು.
ಇನ್ನರ್ಧಕ್ಕ ಏನೂ ಗೊತ್ತಿರಲಿಲ್ಲ.
ಹೊರಗ ಯಾರೋ ತೊಗರಿ ಕೇರ್ತಿದ್ರು.

ಅಚ್ಚಿಗಿ ಹೋಗೋ ರಾತ್ರಿ ಆ ಜಾಗಾಕ್ಕ
ಮಸಿ ಮುಟ್ಟದ ಗಿಡ್ಡ ಸೀಸ ತುಂಬಿದೆ.
ನಾಕು ಅಕ್ಷರದಷ್ಟಲ್ಲ. ಅಳದು ನೋಡೋರು ಇರ್ತಾರ,
ಒಂದೂವರಿ ಜಾಸ್ತಿ.

ಪುಸ್ತಕ ಕೊಂಡವರು ಪ್ರೆಸ್ಸಿಗಿ ಬಂದು ಜಗಳಾಡಿದ್ರು:
ಅಚ್ಚು ಹಾರ್ಯದ, ರೊಕ್ಕ ವಾಪಸ್ ಕೊಡು.
ಹದಿನಾರು ಮಂದಿಗಿ ಕೊಟ್ಟೆ.
ಒಬ್ಬರೂ ಪುಸ್ತಕ ತಿರುಗಿ ಕೊಡಲಿಲ್ಲ.